ಶುಂಠಿ ಉಳೀತು, ಗಡುವು ಎಲ್ಲಿ ಹೋಯ್ತು?

‘ಅಜ್ಜಿ ಮದ್ದು’ ಅನ್ನೋದು ಈಗ ಇನ್‌ಸ್ಟಾಗ್ರಾಮಿನ ಒಂದು ಪ್ರಕಾರವೇ ಆಗಿಬಿಟ್ಟಿದೆ. ಹಿನ್ನೆಲೆಗೆ ಕೊಳಲು, ಮುಂದೆ ಹಿತ್ತಾಳೆ ಪಾತ್ರೆ, ಕಲ್ಲಲ್ಲಿ ಜಜ್ಜಿದ ಹಸಿ ಶುಂಠಿ. ಮೂವತ್ತು ಸೆಕೆಂಡಿನಲ್ಲಿ ಗ್ಯಾಸು, ಅಸಿಡಿಟಿ, ಭೇದಿ, ಬೊಜ್ಜು ಎಲ್ಲಕ್ಕೂ ಪರಿಹಾರ. ಕೊನೆಗೆ ‘ಇಷ್ಟು ಮಾಡಿದ್ರೆ ಆಸ್ಪತ್ರೆಗೆ ಹೋಗೋದೇ ಬೇಡ’ ಅನ್ನೋ ಒಂದು ಸಾಲು. ಕತೆ, ಕವಿತೆ, ಸಿನಿಮಾಕ್ಕೆಲ್ಲ ವಿಮರ್ಶೆ ಇದೆ ಅಂದ್ಮೇಲೆ ಇದಕ್ಕೂ ಇರಲಿ. ನನ್ನ ತಕರಾರು ಶುಂಠಿಯ ಮೇಲಲ್ಲ, ಆ ಕೊನೇ ಸಾಲಿನ ಮೇಲೆ.

ನನ್ನೂರು ಅಂಕೋಲೆ. ಅಲ್ಲಿಂದ ಕಾರವಾರದ ತನಕ ಯಾರ ಮನೆಗೆ ಹೋದರೂ ಶುಂಠಿ ಇರೋದು ಅಡುಗೆಮನೆಯಲ್ಲೇ, ಔಷಧಿ ಡಬ್ಬಿಯಲ್ಲಲ್ಲ. ಕೊಂಕಣಿ ಮಾತಾಡುವ ಮನೆಗಳಲ್ಲಿ ಅದು ‘ಆಲೆಂ’. ಮೇ ತಿಂಗಳಲ್ಲಿ ಮದುವೆ ಊಟ, ಮೇಲಿಂದ ಕರಿ ಇಶಾಡ ಮಾವು, ರಾತ್ರಿಗೆ ಬಾಂಗಡೆ. ಹೊಟ್ಟೆ ಕೆಡೋಕೆ ಇನ್ನೇನು ಬೇಕು? ಮರುದಿನ ಶುಂಠಿ ತಂಬುಳಿ, ಗಂಜಿ. ಹುಬ್ಬಳ್ಳಿ ಬಸ್ಸು ಹತ್ತುವವರ ಬಾಯಲ್ಲಿ ಅರಬೈಲ್ ಘಟ್ಟದ ತಿರುವುಗಳಿಗೆ ಮುಂಚೆಯೇ ಒಂದು ಚೂರು ಶುಂಠಿ. ಇದನ್ನೆಲ್ಲ ಯಾರೂ ‘ವೆಲ್‌ನೆಸ್’ ಅಂತ ಕರೀತಿರಲಿಲ್ಲ.

ಇದು ಬರೀ ನಂಬಿಕೆಯಲ್ಲ. ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜೆರಾಲ್. ಒಣಗಿದಾಗ ಅದರ ಒಂದು ಭಾಗ ಶೋಗಾಲ್ ಆಗುತ್ತದೆ, ಖಾರ ಇನ್ನೂ ಹೆಚ್ಚುತ್ತದೆ. ವಾಕರಿಕೆಗೆ, ಅದರಲ್ಲೂ ಗರ್ಭಿಣಿಯರ ವಾಕರಿಕೆಗೆ, ಶುಂಠಿ ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ ಅನ್ನೋದಕ್ಕೆ ಸಾಕಷ್ಟು ಅಧ್ಯಯನಗಳ ಬೆಂಬಲವಿದೆ. ಅಲ್ಲಿ ಬಳಸಿದ್ದು ಹೆಚ್ಚಾಗಿ ದಿನಕ್ಕೆ 1 ಗ್ರಾಂ ಆಸುಪಾಸಿನ ಪುಡಿ. ಹೊಟ್ಟೆಯಲ್ಲಿದ್ದದ್ದು ಬೇಗ ಕೆಳಗಿಳಿಯಲೂ ಅದು ನೆರವಾಗಬಹುದು. ಬಸ್ಸಿನ ವಾಂತಿಯ ವಿಷಯದಲ್ಲಿ ಮಾತ್ರ ಫಲಿತಾಂಶ ಒಂದೇ ಥರ ಇಲ್ಲ. ಇನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ‘ಜಿಂಜರ್ ಶಾಟ್’ ಇಳಿಸೋ ನನ್ನ ಆಫೀಸಿನ ಗೆಳೆಯರಿಗೆ ಒಂದು ಮಾತು: ಶುಂಠಿ ಜಾಸ್ತಿಯಾದರೆ ಎದೆಯುರಿಯೂ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರಂತೂ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಈಗ ಭೇದಿಯ ವಿಷಯಕ್ಕೆ ಬರೋಣ. ರೀಲುಗಳು ಪೂರ್ತಿ ದಾರಿ ತಪ್ಪೋದು ಇಲ್ಲೇ. ನಮ್ಮನೆಯಲ್ಲಿ ಹೊಟ್ಟೆ ಹರಿದಾಗ ಶುಂಠಿ ಜೊತೆಗೆ ಇನ್ನೊಂದು ಬರುತ್ತಿತ್ತು: ಉಪ್ಪು ಹಾಕಿದ ಗಂಜಿ ತಿಳಿ, ಗಂಟೆಗಂಟೆಗೆ. ಭೇದಿಯಲ್ಲಿ ಜೀವಕ್ಕೆ ಅಪಾಯ ತರೋದು ದೇಹದಿಂದ ಹೋಗುವ ನೀರು ಮತ್ತು ಉಪ್ಪು. ಅದನ್ನು ವಾಪಸ್ ತುಂಬುವ ಕೆಲಸ ಮಾಡ್ತಿದ್ದದ್ದು ಗಂಜಿ. ಶುಂಠಿ ಪಕ್ಕವಾದ್ಯ ಅಷ್ಟೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬೀಸ್ ಸಕ್ಕರೆಯ ಅಂಶ ಮತ್ತು ಉಪ್ಪು ಬೆರೆಸಿದ ನೀರು ಕುಡಿಸಿಯೇ ಸಾವಿನ ಪ್ರಮಾಣವನ್ನು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ತಂದರು. ಇವತ್ತಿನ ಓಆರ್‌ಎಸ್ ಪೊಟ್ಟಣದ ಹಿಂದಿರೋದು ಇದೇ ಲೆಕ್ಕಾಚಾರ. ಆದರೆ ಗಂಜಿ ಕ್ಯಾಮೆರಾಕ್ಕೆ ಚಂದ ಕಾಣಲ್ಲ ನೋಡಿ. ರೀಲಿನಲ್ಲಿ ಅದಕ್ಕೆ ಪಾತ್ರವೇ ಇಲ್ಲ!

ಗಂಜಿಯ ಜೊತೆ ಕತ್ತರಿ ಬಿದ್ದ ಇನ್ನೊಂದು ವಸ್ತು ಗಡುವು. ನಮ್ಮಜ್ಜಿಯ ಮದ್ದಿಗೆ ಯಾವಾಗಲೂ ಒಂದು ಗಡುವಿತ್ತು. ‘ಇವತ್ತೊಂದು ದಿನ ನೋಡ್ವ, ನಾಳೆ ಡಾಕ್ಟ್ರ ಹತ್ರ ಹೋಗ್ವ.’ ಮಗು ಉಚ್ಚೆ ಹೊಯ್ಯೋದು ಕಮ್ಮಿಯಾದರೆ, ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಆ ಒಂದು ದಿನವೂ ಇಲ್ಲ. ಅಜ್ಜಿ ಮದ್ದಿನ ಜಾಣತನ ಇದ್ದದ್ದು ಈ ನಿಗಾದಲ್ಲಿ. ಪಕ್ಕದಲ್ಲಿ ಕೂತು ನೋಡೋ ಒಬ್ಬರು ಇದ್ದರು. ಬೆಂಗಳೂರಿನ ಪಿಜಿ ರೂಮಿನಲ್ಲಿ ಒಬ್ಬರೇ ಮಲಗಿ, ಶುಂಠಿ ನೀರು ಕುಡಿದು ‘ಗ್ಯಾಸ್ಟ್ರಿಕ್ ಇರ್ಬೇಕು’ ಅಂದ್ಕೊಳ್ಳುವವರ ಪಕ್ಕ ಯಾರಿದ್ದಾರೆ? ಕೆಳಹೊಟ್ಟೆಯ ಬಲಗಡೆ ಹೆಚ್ಚುತ್ತಲೇ ಹೋಗುವ ನೋವು ಅಪೆಂಡಿಕ್ಸ್ ಇರಬಹುದು. ಬೆವರಿನ ಜೊತೆ ಬರುವ ಎದೆಯುರಿ ಹೃದಯದ್ದೂ ಇರಬಹುದು. ಅದು ಶುಂಠಿ ಹುಡುಕುತ್ತಾ ಕೂರೋ ಹೊತ್ತಲ್ಲ.

‘ಆಸ್ಪತ್ರೆ ಬೇಡ’ ಅನ್ನೋ ಸಾಲು ನನ್ನನ್ನು ಕೆರಳಿಸೋಕೆ ಊರಿನದ್ದೇ ಕಾರಣವೂ ಇದೆ. ಕಾರವಾರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಅದಾದ ಮೇಲೂ ಕಾಯಿಲೆ ದೊಡ್ಡದಾದರೆ ನಮ್ಮವರು ಹೊರಡೋದು ಮಣಿಪಾಲಕ್ಕೆ, ಹುಬ್ಬಳ್ಳಿಗೆ ಅಥವಾ ಗೋವಾಕ್ಕೆ. 2022ರ ಜುಲೈನಲ್ಲಿ ಜಿಲ್ಲೆಯ ಯುವಜನ ‘ನಮಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ’ ಅಂತ ಟ್ವಿಟರ್ ತುಂಬ ಕೂಗಿದರು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯ್ತು. ಇಂಥ ಕಡೆ ‘ಯಾವಾಗ ಹೊರಡಬೇಕು’ ಅನ್ನೋ ತಿಳಿವಳಿಕೆ ಶುಂಠಿಗಿಂತ ದೊಡ್ಡ ಔಷಧ. ಘಟ್ಟ, ಹೊಳೆ, ಮಳೆ ಎಲ್ಲ ದಾಟಿ ಹೋಗುವವರು ಒಂದು ರಾತ್ರಿ ತಡ ಮಾಡಿದರೂ ಕಷ್ಟ. ಆಸ್ಪತ್ರೆ ಇಲ್ಲದ್ದು ನಮಗೆ ಕೊರತೆ. ಅದನ್ನೇ ಹೆಮ್ಮೆಯ ‘ಲೈಫ್‌ಸ್ಟೈಲ್’ ಮಾಡಿ ನಮಗೇ ತೋರಿಸಿದರೆ ಹೇಗೆ ಮಾರಾಯ್ರೆ?

ಹಾಗಂತ ಶುಂಠಿ ಬಿಡಿ ಅಂತ ನಾನು ಹೇಳ್ತಿಲ್ಲ. ಉಂಡದ್ದು ಜಾಸ್ತಿಯಾದಾಗ, ಹೊಟ್ಟೆ ತೊಳಸಿದಾಗ ಧಾರಾಳ ಬಳಸಿ. ತಂಬುಳಿಯನ್ನಂತೂ ಹೊಟ್ಟೆ ಸರಿ ಇದ್ದಾಗಲೂ ಉಣ್ಣಿ, ರುಚಿಗೋಸ್ಕರ. ಮುಂದಿನ ಸಲ ಅಂಥ ರೀಲು ಕಂಡಾಗ ಎರಡೇ ಪ್ರಶ್ನೆ ಕೇಳಿ: ಇದು ಎಷ್ಟು ಹೊತ್ತು ನೋಡಬೇಕಾದ ಮದ್ದು? ಗುಣ ಆಗದಿದ್ದರೆ ಎಲ್ಲಿಗೆ ಹೋಗಬೇಕು? ಎರಡಕ್ಕೂ ಉತ್ತರ ಇಲ್ಲದಿದ್ದರೆ ಅದು ಅಜ್ಜಿ ಮದ್ದಲ್ಲ, ಅಜ್ಜಿಯ ಹೆಸರಿನ ಜಾಹೀರಾತು. ಅಂದಹಾಗೆ, ಫ್ರಿಜ್ಜಿನಲ್ಲಿ ಶುಂಠಿ ಇಟ್ಟವರು ಡ್ರಾಯರಿನಲ್ಲಿ ನಾಲ್ಕು ಪೊಟ್ಟಣ ಓಆರ್‌ಎಸ್ ಕೂಡ ಇಟ್ಕೊಳ್ಳಿ. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ನೀರು, ಪೊಟ್ಟಣ ಚಿಕ್ಕದಾದರೆ ಮೇಲೆ ಬರೆದಷ್ಟು.