ಮಾತಾಮಹನ ಭಾಷ್ಯವೂ ದೌಹಿತ್ರನ ಭಾಷ್ಯವೂ

ಯಹೂದ್ಯರ ಶ್ರುತಿವ್ಯಾಖ್ಯಾನದ ಚರಿತ್ರೆಯನ್ನು ಹೇಳುವವರು ಮೊದಲು ಅದರ ವಿಸ್ತಾರವನ್ನು ಕೊಂಡಾಡುವುದು ವಾಡಿಕೆ. ಅಲೆಕ್ಸಾಂಡ್ರಿಯದ ಫೈಲೋ, ಮೋಶೆಯ ಐದು ಗ್ರಂಥಗಳಾದ ತೋರಾದ ಕಥೆಗಳಲ್ಲಿ ಗ್ರೀಕ್ ತತ್ತ್ವಗಳ ರೂಪಕವನ್ನು ಕಂಡುದು, ರಬ್ಬಿ ಇಷ್ಮಾಯೇಲನ ಹೆಸರಿನಲ್ಲಿ ಹದಿಮೂರು ವ್ಯಾಖ್ಯಾನಸೂತ್ರಗಳು ನೆಲೆಗೊಂಡುದು, ಹತ್ತನೆಯ ಶತಮಾನದಲ್ಲಿ ಸಾದಿಯಾ ಗಾಓನನು ತೋರಾವನ್ನು ಅರಬ್ಬಿಗೆ ತಂದುದು, ಇವೆಲ್ಲ ಸ್ಮರಣೀಯವೇ ಸರಿ. ಆದರೆ ಆ ಪರಂಪರೆಯ ಸತ್ತ್ವವನ್ನು ಅಳೆಯಲು ನಾನು ಹಿಡಿಯುವ ಮಾನದಂಡ ಬೇರೆ: ಆಚಾರದಲ್ಲಿ ಸಂಪೂರ್ಣ ವಿಧೇಯನಾದ ಪಂಡಿತನು, ಅದೇ ಆಚಾರಕ್ಕೆ ಆಧಾರವೆಂದು ಹಿರಿಯರು ತೋರಿಸಿದ ವಾಕ್ಯಕ್ಕೆ ಬೇರೊಂದು ಅರ್ಥವನ್ನು ನಿರ್ಭಯವಾಗಿ ಹೇಳಬಹುದಾಗಿತ್ತೆ? ಈ ಪ್ರಶ್ನೆಗೆ ಸಮಾಧಾನ ಉತ್ತರ ಫ್ರಾನ್ಸಿನ ಒಂದೇ ಮನೆತನದಲ್ಲಿ ದೊರೆಯುತ್ತದೆ.

ರಾಷಿ ಎಂದು ಪ್ರಸಿದ್ಧನಾದ ರಬ್ಬಿ ಶ್ಲೋಮೋ ಯಿತ್ಸ್‌ಹಾಕಿಯು 1040ರಲ್ಲಿ ತ್ರ್ವಾ ಪಟ್ಟಣದಲ್ಲಿ ಹುಟ್ಟಿ, ರೈನ್ ತೀರದ ಮೈಂಟ್ಸ್ ಮತ್ತು ವರ್ಮ್ಸ್‌ಗಳ ವಿದ್ಯಾಪೀಠಗಳಲ್ಲಿ ಕಲಿತು, ಮತ್ತೆ ತ್ರ್ವಾಕ್ಕೆ ಮರಳಿ, 1105ರಲ್ಲಿ ಕಾಲವಾದನು. ಅವನು ವ್ಯಾಸಂಗ ಮಾಡಿದ ಆ ಎರಡು ಊರುಗಳೂ 1096ರಲ್ಲಿ ಕ್ರುಸೇಡಿನ ದಳ್ಳುರಿಗೆ ಸಿಕ್ಕಿದುದನ್ನು ಅವನು ಬದುಕಿದ್ದಾಗಲೇ ಕೇಳಬೇಕಾಯಿತು. ಅವನಿಗೆ ಪ್ರಾಪ್ತವಾದ ಪಿತ್ರಾರ್ಜಿತವೆಂದರೆ ಮಿದ್ರಾಷ್ ಎಂಬ ಮಹಾರಾಶಿ. ಅದರದು ಶ್ರುತಿಯ ಒಂದೊಂದು ಪದದಲ್ಲಿಯೂ ಧರ್ಮವಿಧಿಯನ್ನೋ ನೀತಿಕಥೆಯನ್ನೋ ಹುಡುಕಿ ತೆಗೆಯುವ ದೆರಾಷ್ ಎಂಬ ಕ್ರಮ. ಈ ಕ್ರಮವನ್ನು ಹಗುರವಾಗಿ ನೋಡುವುದು ಅನ್ಯಾಯ. ಕಣ್ಣಿಗೆ ಪ್ರತಿಯಾಗಿ ಕಣ್ಣನ್ನು ವಿಧಿಸುವ ವಾಕ್ಯಕ್ಕೆ ಹಣದ ಪರಿಹಾರವೆಂಬ ಅರ್ಥವನ್ನು ಧರ್ಮಶಾಸ್ತ್ರಗ್ರಂಥವಾದ ತಾಲ್ಮುದಿನ ಪಂಡಿತರು ಸ್ಥಾಪಿಸಿದುದು ಈ ಮಾರ್ಗದಿಂದಲೇ. ಕ್ರೂರವಾದ ಅಕ್ಷರಾರ್ಥದಿಂದ ನ್ಯಾಯವನ್ನು ಉಳಿಸಿಕೊಟ್ಟದ್ದು ಅದೇ. ರಾಷಿಯು ಇದನ್ನು ತ್ಯಜಿಸಲಿಲ್ಲ. ಆದರೆ ಆದಿಕಾಂಡದ ಮೂರನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ, ತನಗೆ ಬೇಕಾದುದು ಪೆಷಾತ್, ಎಂದರೆ ಸಂದರ್ಭಕ್ಕೆ ಒಪ್ಪುವ ಸರಳಾರ್ಥ, ಹಾಗೂ ವಾಕ್ಯವನ್ನು ಅದರ ಸ್ಥಾನದಲ್ಲಿ ಸರಿಯಾಗಿ ಕೂಡಿಸುವ ಮಿದ್ರಾಷ್ ಮಾತ್ರವೆಂದು ಗಡಿ ಹಾಕಿಕೊಂಡನು. ರೆಬೆಕ್ಕಳನ್ನು ಯಾಕೋಬ ಮತ್ತು ಏಸಾವರ ತಾಯಿಯೆಂದು ಗ್ರಂಥವು ಮತ್ತೆ ಹೇಳುವ ಕಡೆ, ಆ ಮಾತು ಏನನ್ನು ಕಲಿಸುತ್ತದೆಂಬುದು ತನಗೆ ತಿಳಿಯದೆಂದು ಬರೆದಿಟ್ಟನು. ಮೌನದಿಂದ ದಾಟಿಹೋಗಬಹುದಾಗಿದ್ದ ಸ್ಥಳದಲ್ಲಿ ತನ್ನ ಅಜ್ಞಾನವನ್ನು ದಾಖಲಿಸುವ ಈ ಪ್ರಾಮಾಣಿಕತೆ ಭಾಷ್ಯಕಾರರಲ್ಲಿ ಅತಿ ವಿರಳವಾದ ಗುಣ.

ಆದರೂ ಗಡಿಯನ್ನು ಅವನು ಎಲ್ಲೆಡೆಯೂ ಕಾಯಲಿಲ್ಲ. ಅಬ್ರಹಾಮನು ಮಗನಾದ ಇಸಾಕನನ್ನು ಬಲಿಗೊಡಲು ಹೊರಟ ಪ್ರಸಂಗವನ್ನು ನೋಡಬೇಕು. ಹಿಂದಿನ ಸಂಗತಿಗಳಾದ ಮೇಲೆ ದೇವರು ಅವನನ್ನು ಪರೀಕ್ಷಿಸಿದನೆಂದು ಗ್ರಂಥ ಹೇಳುತ್ತದೆ. ಆ ಸಂಗತಿಗಳು ಯಾವುವು? ಔತಣ ಮಾಡಿದ ಅಬ್ರಹಾಮನು ದೇವರಿಗೆ ಒಂದು ಹೋರಿಯನ್ನೂ ಅರ್ಪಿಸಲಿಲ್ಲವೆಂದು ಸೈತಾನನು ಆಕ್ಷೇಪಿಸಿದ ಮೇಲೆ ಎಂದು ರಾಷಿಯು ಮಿದ್ರಾಷನ್ನು ತರುತ್ತಾನೆ. ಅವನ ದೌಹಿತ್ರನಾದ ರಷ್ಬಮ್, ಅಂದರೆ ರಬ್ಬಿ ಶೆಮುಯೇಲ್ ಬೆನ್ ಮೇಯಿರ್, ಗ್ರಂಥದ ಹೊರಗೆ ಹೆಜ್ಜೆಯಿಡುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ಅಬ್ರಹಾಮನು ಫಿಲಿಷ್ಟಿಯರ ಅಬೀಮೆಲೆಕನೊಡನೆ ಒಡಂಬಡಿಕೆ ಮಾಡಿಕೊಂಡನಷ್ಟೆ. ತನ್ನ ಸಂತತಿಗೆ ವಾಗ್ದತ್ತವಾದ ನೆಲದ ವಿಷಯದಲ್ಲಿ ಪರರಿಗೆ ಮಾತು ಕೊಟ್ಟುದಕ್ಕೆ ದೇವರು ಮುನಿದನೆಂದು, ಈ ಕಠಿನ ಪರೀಕ್ಷೆ ಅದರ ಫಲವೆಂದು ಅವನ ನಿರ್ಣಯ. ಕಥೆಯ ಸರಪಣಿಯನ್ನು ಕಡಿಯದೆ ಓದುವ ಶಿಸ್ತು ಇಲ್ಲಿ ಪರಿಪೂರ್ಣವಾಗಿದೆ. ಆದರೆ ರಸದೃಷ್ಟಿಯಿಂದ ನೋಡಿದರೆ ರಷ್ಬಮನ ಅರ್ಥವು ಆ ಮಹಾಪ್ರಸಂಗವನ್ನು ಒಂದು ದಂಡನೆಯ ಮಟ್ಟಕ್ಕೆ ಇಳಿಸುತ್ತದೆಂದು ನನಗೆ ತೋರುತ್ತದೆ. ಸರಳಾರ್ಥವು ಸರ್ವತ್ರ ಶ್ರೇಷ್ಠಾರ್ಥವಲ್ಲ.

ರಷ್ಬಮನ ನಿಜವಾದ ಧೈರ್ಯ ಕಾಣುವುದು ಧರ್ಮವಿಧಿಗಳ ಸ್ಥಳದಲ್ಲಿ. ಕೈಯ ಮೇಲಿನ ಗುರುತನ್ನು ಕುರಿತ ವಿಮೋಚನಕಾಂಡದ ವಾಕ್ಯದ ಮೇಲೆ ತೆಫಿಲಿನ್ ಎಂಬ ಶ್ರುತಿವಾಕ್ಯದ ಪೆಟ್ಟಿಗೆಗಳನ್ನು ಕಟ್ಟಿಕೊಳ್ಳುವ ನಿತ್ಯವಿಧಿ ನಿಂತಿದೆ. ಅಲ್ಲಿ ಅವನು, ಕೈಯಲ್ಲಿ ಬರೆದಂತೆ ಸದಾ ನೆನಪಿನಲ್ಲಿರಲಿ ಎಂಬುದೇ ಗ್ರಂಥದ ಸರಳ ತಾತ್ಪರ್ಯವೆಂದನು. ಸೃಷ್ಟಿಯ ದಿನವು ಸಂಜೆಗಲ್ಲ, ಬೆಳಿಗ್ಗೆಗೆ ಮೊದಲಾಗುತ್ತದೆಂದನು. ವಿಶ್ರಾಂತಿದಿನವಾದ ಸಬ್ಬತ್ತು ಸಂಜೆಗೇ ಆರಂಭವಾಗುವ ಸಮಾಜದಲ್ಲಿ ಇದನ್ನು ಹೇಳಿದನು. ಹೀಗೆಂದವನು ಬಂಡಾಯಗಾರನಲ್ಲ, ರಾಷಿಯು ಅಪೂರ್ಣವಾಗಿ ಬಿಟ್ಟ ಬಾವಾ ಬಾತ್ರಾ ಎಂಬ ತಾಲ್ಮುದ್ ಭಾಗದ ವ್ಯಾಖ್ಯಾನವನ್ನು ಪೂರೈಸಿದ ಧರ್ಮಶಾಸ್ತ್ರಜ್ಞ, ವಿಧಿಗಳ ಪ್ರಾಮಾಣ್ಯ ದೆರಾಷಿನಲ್ಲಿಯೇ ಇದೆಯೆಂದು ಒಪ್ಪಿದವನು. ವಾಕ್ಯದ ಅರ್ಥ ಬೇರೆ, ವಿಧಿಯ ಅಧಿಕಾರ ಬೇರೆ. ಇವೆರಡನ್ನೂ ಒಂದೇ ಹೃದಯದಲ್ಲಿ ಧರಿಸಿದ ಈ ಸಾಮರ್ಥ್ಯವನ್ನೇ ನಾನು ಆ ಪರಂಪರೆಯ ಶಿಖರವೆಂದು ಭಾವಿಸುತ್ತೇನೆ.

ಸ್ಪೇನಿನಿಂದ ಹೊರಟು ದೇಶದೇಶ ಅಲೆದ ವ್ಯಾಕರಣಕೋವಿದ ಇಬ್ನ್ ಎಜ್ರಾನಿಗೆ ಅರ್ಥ ಮತ್ತು ವಿಧಿಗಳ ಈ ಸಹಬಾಳ್ವೆ ಸಹ್ಯವಾಗಲಿಲ್ಲ. ದಿನವು ಬೆಳಿಗ್ಗೆ ಆರಂಭವಾಗುತ್ತದೆಂಬ ಅರ್ಥವನ್ನು ಖಂಡಿಸಲು ಅವನು 1158ರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಸಬ್ಬತ್ತಿನ ಪತ್ರವೆಂಬ ಪ್ರಬಂಧವನ್ನೇ ರಚಿಸಿದನು. ಅದೇ ಇಬ್ನ್ ಎಜ್ರಾ, ಧರ್ಮೋಪದೇಶಕಾಂಡದ ಕಡೆಯ ಹನ್ನೆರಡು ವಾಕ್ಯಗಳು ಮೋಶೆಯವಲ್ಲವೆಂಬ ಶಂಕೆಯನ್ನು ಗೂಢವಾಗಿ ಸೂಚಿಸಿದ್ದನು. 1670ರಲ್ಲಿ ತತ್ತ್ವಜ್ಞಾನಿ ಸ್ಪಿನೋಜಾನು ಆ ಸೂಚನೆಯನ್ನೇ ಬಯಲಿಗೆಳೆದು ತೋರಾ ಮೋಶೆಯ ರಚನೆಯಲ್ಲವೆಂಬ ತನ್ನ ವಾದಕ್ಕೆ ಮೊದಲ ಮೆಟ್ಟಿಲಾಗಿ ಮಾಡಿಕೊಂಡನು. ಸ್ಪಿನೋಜಾನ ಕೈಯಲ್ಲಿ ಅರ್ಥಶೋಧನೆ ನಿಶಿತವಾಯಿತು. ಆಚಾರದ ಜೊತೆಗಿನ ಸಂಬಂಧ ಮಾತ್ರ ಕಡಿದುಹೋಯಿತು.

ಮುದ್ರಣಯುಗದ ತೀರ್ಪಿನಲ್ಲಿ ನನಗೆ ಖೇದವೇ ಹೆಚ್ಚು. ರಾಷಿಯ ತೋರಾಭಾಷ್ಯವು 1475ರಲ್ಲಿಯೇ ರೆಜ್ಜೋ ಕಲಾಬ್ರಿಯಾದಲ್ಲಿ ಅಚ್ಚಾಗಿ, ತೇದಿ ಸಹಿತ ಮುದ್ರಿತವಾದ ಮೊದಲ ಹೀಬ್ರೂ ಗ್ರಂಥವೆನಿಸಿತು. ಮೂಲವನ್ನು ನಡುವಿಟ್ಟು ಸುತ್ತಲೂ ಪರಸ್ಪರ ವಿವಾದಿಸುವ ಭಾಷ್ಯಗಳನ್ನು ಒಂದೇ ಪುಟದಲ್ಲಿ ಕೂಡಿಸುವ ವ್ಯವಸ್ಥೆಗೆ ಹದಿನಾರನೆಯ ಶತಮಾನದಲ್ಲಿ ವೆನಿಸ್ಸಿನ ಡೇನಿಯಲ್ ಬೋಂಬರ್ಗನ ಮುದ್ರಣಾಲಯವು ಸ್ಥಿರರೂಪ ಕೊಟ್ಟಿತು. ಭಿನ್ನಮತವನ್ನು ಇಷ್ಟು ಗೌರವದಿಂದ ಕಾಪಾಡಿದ ಪುಟವಿನ್ಯಾಸ ಅಪೂರ್ವವೇ. ಆದರೆ ಆ ಪುಟದಲ್ಲಿ ರಷ್ಬಮನಿಗೆ ಸ್ಥಳವಿರಲಿಲ್ಲ. ಅವನ ತೋರಾಭಾಷ್ಯ ಬರ್ಲಿನ್ನಿನಲ್ಲಿ ಮೊದಲು ಅಚ್ಚಾದುದು 1705ರಲ್ಲಿ. ಹೊಸ ಹೊಸ ಸರಳಾರ್ಥಗಳು ದಿನದಿನವೂ ಹೊರಡುತ್ತಿರುವುದರಿಂದ, ಕಾಲಾವಕಾಶವಿದ್ದರೆ ತಾನು ಬೇರೆ ಭಾಷ್ಯ ಬರೆಯಬೇಕಾಗಿತ್ತೆಂದು ರಾಷಿಯೇ ರಷ್ಬಮನೊಡನೆ ಒಪ್ಪಿಕೊಂಡನೆಂಬ ಸಂಗತಿಯನ್ನು ದಾಖಲಿಸಿದ್ದು ಆ ಗ್ರಂಥವೇ. ಮೋಸೆಸ್ ಮೆಂಡೆಲ್ಸೋನನು 1780ರ ದಶಕದಲ್ಲಿ ತನ್ನ ಜರ್ಮನ್ ಅನುವಾದದೊಡನೆ ಹೊರತಂದ ವ್ಯಾಖ್ಯಾನಕ್ಕೆ ರಾಷಿ, ಇಬ್ನ್ ಎಜ್ರಾ, ನಹ್ಮನಿದೆಸ್ ಇವರ ಜೊತೆಗೆ ರಷ್ಬಮನನ್ನೂ ಮಾರ್ಗದರ್ಶಿಯಾಗಿ ಆರಿಸಿಕೊಂಡ ಮೇಲೆಯೇ ದೌಹಿತ್ರನಿಗೆ ಮಾತಾಮಹನ ಪಕ್ಕದಲ್ಲಿ ಪೀಠ ದೊರೆತುದು.