ಅರ್ಥದಿಂದ ಪ್ರಯೋಗಕ್ಕೆ: ಇಂಗ್ಲಿಷ್-ಕನ್ನಡ ನಿಘಂಟುಗಳ ಒಂದು ವಿಮರ್ಶೆ

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಕಾರ್ಯಕ್ಕೆ ಎರಡು ಶತಮಾನಗಳ ಇತಿಹಾಸವಿದೆ. ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಮೊದಲನೆಯದು ಕನ್ನಡ ಕಲಿಯಬೇಕಾದ ಪರಕೀಯರಿಗೆ ಒದಗಿತು. ಎರಡನೆಯದು ಹೊಸ ಜ್ಞಾನವನ್ನು ಕನ್ನಡಕ್ಕೆ ತರಬಯಸಿದ ವಿದ್ವಾಂಸರಿಗೆ ನೆರವಾಯಿತು. ಎರಡರಲ್ಲಿಯೂ ಗುರಿ ಕನ್ನಡವೇ. ಇಂಗ್ಲಿಷಿನಲ್ಲಿ ವಾಕ್ಯ ರಚಿಸಬೇಕಾದ ಕನ್ನಡಿಗನ ಅಗತ್ಯ ಇವುಗಳ ವಿನ್ಯಾಸದಲ್ಲಿ ಹಿಂದೆ ಉಳಿಯಿತು.

ಈ ಕೊರತೆಯ ಪರಿಣಾಮ ಎಲ್ಲಿ ಕಾಣುತ್ತದೆ? ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿರುವ, 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಟಿ. ದಾಸರಹಳ್ಳಿಯಂಥ ಊರಿನ ನುಡಿಯನ್ನು ಗಮನಿಸಬಹುದು. ಕಾರ್ಖಾನೆಗಳ ಸುತ್ತಲಿನ ಬದುಕಿನಲ್ಲಿ ‘ಶಿಫ್ಟು’, ‘ಫಿಟ್ಟರು’, ‘ಓವರ್‌ಟೈಮು’ ಎಂಬ ಪದಗಳು ಉಕಾರಾಂತವಾಗಿ, ವಿಭಕ್ತಿ ಪ್ರತ್ಯಯ ಪಡೆದು ಕನ್ನಡವೇ ಆಗಿವೆ. ‘ಶಿಫ್ಟಿಗೆ ಹೋದ’, ‘ಚೆಕ್ ಮಾಡಿದ’ ಎನ್ನುವವರಿಗೆ ಆ ಪದಗಳ ಅರ್ಥದ ತೊಡಕಿಲ್ಲ. ತೊಡಕು ಇರುವುದು ಅವೇ ಪದಗಳನ್ನು ಇಂಗ್ಲಿಷ್ ವಾಕ್ಯದಲ್ಲಿ ಕೂರಿಸುವಾಗ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದೂ 2007ರಲ್ಲಿಯೇ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಪಠ್ಯಪುಸ್ತಕದ ಹೊರಗೆ ಉಳಿಯುವ ಆಸರೆ ನಿಘಂಟೊಂದೇ.

ಆ ನಿಘಂಟು ‘ಡಿಸ್ಕಸ್’ ಎಂಬುದಕ್ಕೆ ‘ಚರ್ಚಿಸು’ ಎನ್ನುತ್ತದೆ. ಅರ್ಥ ಸರಿಯಾಗಿದೆ. ಆದರೆ ಕನ್ನಡದಲ್ಲಿ ‘ವಿಷಯದ ಬಗ್ಗೆ ಚರ್ಚಿಸು’ ಎಂಬುದು ಸಹಜವಾದ್ದರಿಂದ ವಿದ್ಯಾರ್ಥಿ ಆ ಕ್ರಿಯಾಪದದ ಮುಂದೆ ‘ಅಬೌಟ್’ ಸೇರಿಸುತ್ತಾನೆ. ಶಿಷ್ಟ ಇಂಗ್ಲಿಷ್ ಅದನ್ನು ಒಪ್ಪದು. ‘ಸಜೆಸ್ಟ್’ ಎಂಬುದಕ್ಕೆ ‘ಸೂಚಿಸು’ ಎಂದಷ್ಟೇ ತಿಳಿದವನು ‘ನನಗೆ ಸೂಚಿಸಿದ’ ಎಂಬುದರ ಮಾದರಿಯಲ್ಲಿ ‘ಸಜೆಸ್ಟೆಡ್ ಮಿ’ ಎನ್ನುತ್ತಾನೆ. ಅಲ್ಲಿ ಬೇಕಾದ ‘ಟು’ ಬಿಟ್ಟುಹೋಗುತ್ತದೆ. ಎರಡೂ ಕಡೆ ಅವನು ಕನ್ನಡದ ವಾಕ್ಯಕ್ರಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ದಡ್ಡತನವೆಂದು ಎಣಿಕೆಯಾಗುವುದು ವಾಸ್ತವದಲ್ಲಿ ನಿಘಂಟು ತಿಳಿಸದೆ ಬಿಟ್ಟ ಮಾಹಿತಿ.

ಇದಕ್ಕೆ ಪರಿಹಾರ ಅಪರಿಚಿತವಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿದ ನಿಘಂಟು ಕ್ರಿಯಾಪದಗಳ ವಾಕ್ಯಮಾದರಿಗಳನ್ನು ವರ್ಗೀಕರಿಸಿ ಕೊಟ್ಟಿತು. ಕನ್ನಡದಲ್ಲಿಯೂ ಪ್ರಯೋಗಕ್ಕೆ ಮನ್ನಣೆ ಹಳೆಯದು. ಕಿಟ್ಟೆಲ್ 1894ರ ತನ್ನ ನಿಘಂಟಿನಲ್ಲಿ ಗಾದೆಗಳನ್ನೂ ಗ್ರಂಥಸ್ಥ ಪ್ರಯೋಗಗಳನ್ನೂ ನೀಡಿದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳಿಂದಲೇ ಅರ್ಥವನ್ನು ಸ್ಥಾಪಿಸುತ್ತದೆ. ಕನ್ನಡ ಪದಕ್ಕೆ ಸಂದ ಈ ಶಿಸ್ತು ಇಂಗ್ಲಿಷ್ ಪದಕ್ಕೆ ಸಲ್ಲಲಿಲ್ಲವೆಂಬುದೇ ಪ್ರಧಾನ ಆಕ್ಷೇಪ.

ವಾಕ್ಯರಚನೆ ವ್ಯಾಕರಣದ ಹೊಣೆ, ನಿಘಂಟಿನದಲ್ಲ ಎಂಬ ವಾದವಿದೆ. ಆದರೆ ವ್ಯಾಕರಣ ಹೇಳುವುದು ಸಾಮಾನ್ಯ ನಿಯಮವನ್ನು; ‘ಡಿಸ್ಕಸ್’ ಏನನ್ನು ಬೇಡುತ್ತದೆ, ‘ಸಜೆಸ್ಟ್’ ಏನನ್ನು ಬೇಡುತ್ತದೆ ಎಂಬುದು ಆಯಾ ಪದದ ಸ್ವಭಾವ. ಅದರ ಸ್ಥಾನ ಪದದ ಪಕ್ಕದಲ್ಲಿಯೇ. ಎಲ್ಲ ಪದಗಳಿಗೂ ಇದು ಬೇಕಿಲ್ಲ. ಬಳಕೆಯ ಕ್ರಿಯಾಪದಗಳನ್ನಾದರೂ ಆಯ್ದು, ಎರಡು ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕದಲ್ಲಿರಿಸಿ, ಅವು ಬೇರೆಯಾಗುವ ಎಡೆಯನ್ನು ತೋರಿಸುವ ನಿಘಂಟು ಕನ್ನಡ ಶಾಲೆಯ ವಿದ್ಯಾರ್ಥಿಗೆ ಸಲ್ಲಬೇಕಾದ ಬಾಕಿಯಾಗಿದೆ.