ಅಗಸ್ಟಾದ ಹಸಿರು, ಪೈನ್‌ಹರ್ಸ್ಟ್‌ನ ಮರಳು

ಕ್ರಿಕೆಟ್ ಪಿಚ್ ಬೆಂಗಳೂರಿನಲ್ಲೂ 22 ಗಜ, ಲಾರ್ಡ್ಸ್‌ನಲ್ಲೂ 22 ಗಜ. ಟೆನಿಸ್ ಅಂಕಣಕ್ಕೂ ಕಬಡ್ಡಿ ಅಂಕಣಕ್ಕೂ ಗೊತ್ತುಪಡಿಸಿದ ಅಳತೆಯಿದೆ. ಗಾಲ್ಫ್‌ನಲ್ಲಿ ಗುಳಿಯ ಬಾಯಿ ನಾಲ್ಕೂಕಾಲು ಅಂಗುಲ ಇರಬೇಕೆನ್ನುವುದನ್ನು ಬಿಟ್ಟರೆ ನೆಲ ಹೇಗಿರಬೇಕೆಂಬ ಕಟ್ಟುಪಾಡು ಹೆಚ್ಚೇನಿಲ್ಲ. ದಿಬ್ಬ ಎಲ್ಲಿರಬೇಕು, ತೊರೆ ಎಲ್ಲಿ ಅಡ್ಡ ಬರಬೇಕು, ಮರಳಿನ ಬಂಕರ್ ಯಾರ ಚೆಂಡಿಗೆ ಹೊಂಚು ಹಾಕಬೇಕು ಎಂಬುದನ್ನೆಲ್ಲ ವಿನ್ಯಾಸಕಾರನೇ ತೀರ್ಮಾನಿಸುತ್ತಾನೆ. ಹಾಗಾಗಿ ಗಾಲ್ಫ್ ಮೈದಾನಕ್ಕೆ ಕರ್ತೃ ಇದ್ದಾನೆ, ಶೈಲಿ ಇದೆ, ಕೆಟ್ಟ ಪರಿಷ್ಕರಣೆಯ ಅಪಾಯವೂ ಇದೆ. ಅದನ್ನೊಂದು ಕೃತಿಯೆಂದು ಓದಿ ಬೆಲೆ ಕಟ್ಟುವುದರಲ್ಲಿ ತಪ್ಪಿಲ್ಲ.

ಅಮೆರಿಕದ ಶ್ರೇಷ್ಠ ಮೈದಾನಗಳ ಪಟ್ಟಿಗಳು ಆಗಾಗ ಹೊರಬರುತ್ತಲೇ ಇರುತ್ತವೆ. ಅವುಗಳ ನೆತ್ತಿಯ ಮೇಲೆ ಕೂರುವ ಪೈನ್ ವ್ಯಾಲಿ, ಸೈಪ್ರಸ್ ಪಾಯಿಂಟ್, ಅಗಸ್ಟಾ ನ್ಯಾಷನಲ್ ಮೂರೂ ಖಾಸಗಿ ಕ್ಲಬ್ಬುಗಳು. ಸದಸ್ಯರೊಬ್ಬರ ಅತಿಥಿಯಾಗದೆ ಅಲ್ಲಿ ಆಡುವಂತಿಲ್ಲ. ನ್ಯೂ ಜೆರ್ಸಿಯ ಪೈನ್ ವ್ಯಾಲಿಯಂತೂ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದದ್ದು 2021ರಲ್ಲಿ. ನೋಡಲಾಗದ ಚಿತ್ರವನ್ನು ಶ್ರೇಷ್ಠವೆಂದು ನಂಬುವ ಕಷ್ಟ ಇಲ್ಲಿದೆ. ಆದರೆ ಅಗಸ್ಟಾಕ್ಕೆ ಒಂದು ರಿಯಾಯಿತಿ ಕೊಡಬೇಕು. ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಟೂರ್ನಿಯ ನೆಪದಲ್ಲಿ ಇಡೀ ಲೋಕ ಅದನ್ನು ಟಿವಿಯಲ್ಲಿ ನೋಡುತ್ತದೆ. ನಮ್ಮ ಲೆಕ್ಕದಲ್ಲಿ ಕೊನೆಯ ದಿನದಾಟ ಮುಗಿಯುವ ಹೊತ್ತಿಗೆ ಸೋಮವಾರ ಬೆಳಗಿನ ಜಾವ ನಾಲ್ಕೂವರೆ.

ಜಾರ್ಜಿಯಾ ರಾಜ್ಯದ ಈ ಮೈದಾನವಿರುವುದು ಹಿಂದೆ ಫ್ರೂಟ್‌ಲ್ಯಾಂಡ್ ನರ್ಸರಿಯಿದ್ದ ಜಾಗದಲ್ಲಿ. ಹದಿನೆಂಟು ಹೋಲ್‌ಗಳಿಗೂ ಗಿಡಮರಗಳ ಹೆಸರೇ. ಕ್ಲಬ್ಬನ್ನು ಕಟ್ಟಿದ ಆಟಗಾರ ಬಾಬಿ ಜೋನ್ಸ್ ಮತ್ತು ಕ್ಲಿಫರ್ಡ್ ರಾಬರ್ಟ್ಸ್ ಸೇರಿ ಅಲಿಸ್ಟರ್ ಮೆಕೆಂಝಿ ಎಂಬ ಬ್ರಿಟಿಷ್ ವೈದ್ಯನಿಂದ ವಿನ್ಯಾಸ ಮಾಡಿಸಿದರು. ವೈದ್ಯವೃತ್ತಿ ಬಿಟ್ಟು ಮೈದಾನ ಕಟ್ಟಲು ಹೊರಟ ಈ ಮನುಷ್ಯನಿಗೆ ಪೂರ್ತಿ ಸಂಭಾವನೆಯೂ ಸಿಗಲಿಲ್ಲ. 1934ರ ಮಾರ್ಚ್‌ನಲ್ಲಿ ಮೊದಲ ಟೂರ್ನಿ ನಡೆಯುವ ಮುಂಚೆಯೇ, ಜನವರಿಯಲ್ಲಿ, ಅವನು ತೀರಿಕೊಂಡ. ಅವನ ಕಲ್ಪನೆ ಸರಳವಾಗಿತ್ತು: ಚೆಂಡು ಸಾಗಲು ಅಗಲವಾದ ಫೇರ್‌ವೇ, ಬೆರಳೆಣಿಕೆಯ ಬಂಕರ್‌ಗಳು, ಉದ್ದ ಹುಲ್ಲಿನ ರಫ್ ಇಲ್ಲವೇ ಇಲ್ಲ. ಸಾಮಾನ್ಯ ಆಟಗಾರ ಚೆಂಡು ಕಳೆದುಕೊಳ್ಳದೆ ಖುಷಿಯಾಗಿ ಆಡಬೇಕು, ಗೆಲ್ಲಬೇಕೆನ್ನುವವನು ಮಾತ್ರ ಎಲ್ಲಿ ನಿಂತು ಗುಳಿಯಿರುವ ಗ್ರೀನ್‌ಗೆ ಹೊಡೆಯಬೇಕೆಂದು ತಲೆ ಕೆಡಿಸಿಕೊಳ್ಳಬೇಕು.

ಆ ಕಲ್ಪನೆ ಇವತ್ತಿಗೂ ಜೀವಂತವಾಗಿರುವುದು 12 ಮತ್ತು 13ನೇ ಹೋಲ್‌ಗಳಲ್ಲಿ. ಹನ್ನೆರಡನೆಯದು ಬರೀ 155 ಗಜ. ವೃತ್ತಿಪರರ ಮಟ್ಟಿಗೆ ಇದು ಅಂಥ ಹೊಡೆತವೇನಲ್ಲ. ಆದರೆ ಗ್ರೀನ್ ಸಪೂರ, ಓರೆಯಾಗಿ ಮಲಗಿದೆ. ಮುಂದೆ ರೇಸ್ ತೊರೆ, ಮೇಲೆ ಮರಗಳ ನಡುವೆ ದಿಕ್ಕು ತಪ್ಪಿಸುವ ಗಾಳಿ. ಬಾವುಟ ಬಲತುದಿಯಲ್ಲಿದ್ದಾಗ ಎಡಕ್ಕೆ ಹೊಡೆದವನು ಬಚಾವು, ಆಸೆಪಟ್ಟವನ ಚೆಂಡು ನೀರಿಗೆ. 2016ರಲ್ಲಿ ಐದು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ದಿನದ ಎರಡನೇ ಅರ್ಧಕ್ಕೆ ಕಾಲಿಟ್ಟ ಜೋರ್ಡನ್ ಸ್ಪೀತ್ ಇಲ್ಲಿ ಎರಡು ಚೆಂಡು ಮುಳುಗಿಸಿ 7 ಹೊಡೆತ ಬರೆಸಿಕೊಂಡ, ಪ್ರಶಸ್ತಿ ಕೈತಪ್ಪಿತು. 2019ರಲ್ಲಿ ಟೈಗರ್ ವುಡ್ಸ್ ಎಡಕ್ಕೆ ಹೊಡೆದು ಗೆದ್ದ. ಮರುವರ್ಷ ಅದೇ ವುಡ್ಸ್ ಅದೇ ಜಾಗದಲ್ಲಿ ಮೂರು ಚೆಂಡು ತೊರೆಗೆ ಹಾಕಿ 10 ಹೊಡೆತ ತೆಗೆದುಕೊಂಡ. ಇಷ್ಟು ಸಣ್ಣ ಗುರಿಯ ಮುಂದೆ ಮನುಷ್ಯನ ಆಸೆಯನ್ನೇ ಎದುರಾಳಿಯಾಗಿ ನಿಲ್ಲಿಸಿದ್ದಾನೆ ಮೆಕೆಂಝಿ. ಗಾಲ್ಫ್ ವಿನ್ಯಾಸದಲ್ಲಿ ಇದಕ್ಕಿಂತ ಮೇಲಿನದು ನನಗೆ ಕಂಡಿಲ್ಲ.

ಉಳಿದ ಮೈದಾನಕ್ಕೆ ಆದದ್ದೇ ಬೇರೆ. 1997ರಲ್ಲಿ 21 ವರ್ಷದ ವುಡ್ಸ್ 12 ಹೊಡೆತಗಳ ಅಂತರದಲ್ಲಿ ಗೆದ್ದದ್ದು ಕ್ಲಬ್ಬನ್ನು ಗಾಬರಿಗೊಳಿಸಿತು. ಆಗ 6,925 ಗಜವಿದ್ದ ಮೈದಾನವನ್ನು ಎಳೆದೆಳೆದು ಈಗ ಏಳೂವರೆ ಸಾವಿರ ಗಜಕ್ಕೂ ಹೆಚ್ಚು ಮಾಡಿದ್ದಾರೆ. ಅಗಲವಿದ್ದ ಕಡೆ ಪೈನ್ ಮರ ನೆಟ್ಟರು, ಇಲ್ಲದ ರಫ್ ಬೆಳೆಸಿದರು. ಮೆಕೆಂಝಿ ಆಟಗಾರನ ಮುಂದಿಟ್ಟಿದ್ದ ಎರಡು ದಾರಿಗಳಲ್ಲಿ ಒಂದನ್ನು ಬಹಳ ಕಡೆ ಮುಚ್ಚಿಹಾಕಿದರು. ಇನ್ನು ಆ ಹಸಿರು! ಬೇಸಿಗೆಯ ಹುಲ್ಲಿನ ಮೇಲೆ ರೈ ಹುಲ್ಲು ಬಿತ್ತಿ, ಗ್ರೀನ್‌ಗಳ ಅಡಿಯಲ್ಲಿ ತೇವ ಹೀರುವ ಪೈಪುಗಳನ್ನು ಹೂತು, ಮೇ ತಿಂಗಳ ಕೊನೆಗೆ ಬೀಗ ಜಡಿದು ಅಕ್ಟೋಬರ್‌ವರೆಗೆ ನೆಲಕ್ಕೆ ಆರೈಕೆ ಮಾಡಿದರೆ ಅದು ದಕ್ಕುತ್ತದೆ. ಇಷ್ಟು ದುಡ್ಡಿಲ್ಲದ ಊರಿನ ಕ್ಲಬ್ಬಿನಲ್ಲೂ ಸದಸ್ಯರು ಏಪ್ರಿಲ್ ಬಂತೆಂದರೆ 'ನಮ್ಮದೇಕೆ ಹಾಗಿಲ್ಲ' ಎಂದು ಹುಲ್ಲು ನೋಡಿಕೊಳ್ಳುವವನ ಪ್ರಾಣ ತಿನ್ನುತ್ತಾರೆ. ಇದಕ್ಕೆ ಅಮೆರಿಕದಲ್ಲಿ ಅಗಸ್ಟಾ ಸಿಂಡ್ರೋಮ್ ಎಂಬ ಹೆಸರೇ ಬಿದ್ದಿದೆ. ಮೊದಲ ಕಪ್ಪು ಸದಸ್ಯನನ್ನು 1990ರಲ್ಲಿ, ಮೊದಲ ಇಬ್ಬರು ಮಹಿಳೆಯರನ್ನು 2012ರಲ್ಲಿ ಒಳಗೆ ಬಿಟ್ಟ ಕ್ಲಬ್ಬು ಜಗತ್ತಿನ ಗಾಲ್ಫ್‌ಗೆ ಮಾದರಿಯಾಗಿ ಕೂತಿರುವುದು ಈ ಆಟದ ದುರ್ದೈವ. ಕೃತಿ ದೊಡ್ಡದು, ಅದರ ಈಗಿನ ಪ್ರತಿಯಲ್ಲಿ ಮೂಲಕ್ಕಿಂತ ಪ್ರಕಾಶಕರ ಕೈವಾಡವೇ ಹೆಚ್ಚು.

ಪೈನ್‌ಹರ್ಸ್ಟ್ ನಂ. 2ರಲ್ಲೂ ಒಮ್ಮೆ ಇಂಥದೇ ತಪ್ಪು ನಡೆದಿತ್ತು, ಆದರೆ ಅವರು ತಿದ್ದಿಕೊಂಡರು. ನಾರ್ತ್ ಕ್ಯಾರೊಲೈನಾದ ಮರಳುಗುಡ್ಡಗಳ ಸೀಮೆಯಲ್ಲಿರುವ ಇದನ್ನು 1907ರಲ್ಲಿ ತೆರೆದವನು ಸ್ಕಾಟ್ಲೆಂಡಿನ ಡಾರ್ನಾಕ್‌ನಿಂದ ವಲಸೆ ಬಂದ ಡೊನಾಲ್ಡ್ ರಾಸ್. ನೂರಾರು ಮೈದಾನಗಳಿಗೆ ನಕ್ಷೆ ಹಾಕಿಕೊಟ್ಟ ರಾಸ್ ಇದೊಂದನ್ನು ಮಾತ್ರ 1948ರಲ್ಲಿ ಸಾಯುವವರೆಗೂ ತಿದ್ದುತ್ತಲೇ ಇದ್ದ. ಇಲ್ಲಿ ಕೊಳಗಳ ಆರ್ಭಟವಿಲ್ಲ, ಜಲಪಾತವಿಲ್ಲ. ಇರುವುದು ಗ್ರೀನ್‌ಗಳು. ಕವುಚಿ ಹಾಕಿದ ತಟ್ಟೆಯಂತೆ ನಡುವೆ ಉಬ್ಬಿ ಅಂಚಿನಲ್ಲಿ ಜಾರುವ ಅವುಗಳ ಮೇಲೆ ಚೆಂಡು ಬೀಳಿಸುವುದಲ್ಲ, ನಿಲ್ಲಿಸುವುದೇ ಪಾಡು. 1999ರ ಯುಎಸ್ ಓಪನ್‌ನಲ್ಲಿ ಹೊಡೆದ ಚೆಂಡು ಹಿಂದಕ್ಕುರುಳಿ ಕಾಲಬುಡಕ್ಕೇ ಬಂದಾಗ ಜಾನ್ ಡೇಲಿ ತಾಳ್ಮೆ ಕಳೆದುಕೊಂಡು ಉರುಳುತ್ತಿದ್ದ ಚೆಂಡನ್ನೇ ಬಾರಿಸಿ ಆ ಹೋಲ್‌ನಲ್ಲಿ 11 ಹೊಡೆತ ತೆಗೆದುಕೊಂಡ.

ಕಾಲ ಕಳೆದಂತೆ ಇಲ್ಲಿಗೂ ಹಸಿರಿನ ಹುಚ್ಚು ಹತ್ತಿತು. ರಾಸ್ ಬಿಟ್ಟಿದ್ದ ಬಯಲು ಮರಳಿನ ಮೇಲೆಲ್ಲ ಹುಲ್ಲು ಹಾಸಿ, ನೀರುಣಿಸಿ, ಫೇರ್‌ವೇಗಳನ್ನು ಕಿರಿದು ಮಾಡಿ ಎಲ್ಲ ಮೈದಾನಗಳಂತೆ ಇದನ್ನೂ ಮಾಡಿಟ್ಟರು. 2010ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಎಂಬ ವಿನ್ಯಾಸಕಾರ ಜೋಡಿಗೆ ಇದನ್ನು ತಿದ್ದುವ ಕೆಲಸ ಒಪ್ಪಿಸಿದಾಗ ಅವರು ತಮ್ಮದೊಂದು ಹೊಸ ವಿನ್ಯಾಸ ಹೇರಲಿಲ್ಲ. 1943ರ ಯುದ್ಧಕಾಲದ ವೈಮಾನಿಕ ಚಿತ್ರಗಳನ್ನು ಹರಡಿಕೊಂಡರು, ಫೇರ್‌ವೇಗಳ ನಡುಗೆರೆಯಲ್ಲಿ ಹಾದುಹೋಗಿದ್ದ ಹಳೆಯ ನೀರಿನ ಪೈಪು ಹುಡುಕಿ ರಾಸ್‌ನ ಅಳತೆ ಪತ್ತೆ ಮಾಡಿದರು. ಸುಮಾರು 35 ಎಕರೆ ಹುಲ್ಲನ್ನು ಕಿತ್ತೆಸೆದರು. ಮರಳು ಮೇಲೆದ್ದಿತು, ವೈರ್‌ಗ್ರಾಸ್ ಎಂಬ ಕಾಡುಹುಲ್ಲಿನ ಗಿಡಗಳನ್ನು ನೆಟ್ಟರು. ಸಾವಿರಕ್ಕೂ ಮಿಕ್ಕಿದ್ದ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳು ಸುಮಾರು 450ಕ್ಕೆ ಇಳಿದವು. ಹಳೆಯ ಹಸ್ತಪ್ರತಿ ಹುಡುಕಿ, ನಡುವೆ ಸೇರಿಕೊಂಡ ಪಾಠಗಳನ್ನು ತೆಗೆದುಹಾಕುವ ಸಂಪಾದಕನ ಶಿಸ್ತು ಇದು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯುಎಸ್ ಓಪನ್‌ಗಳು ಬೆನ್ನುಬೆನ್ನಿಗೆ ಎರಡು ವಾರ ಇಲ್ಲೇ ನಡೆದಾಗ ಟಿವಿಯಲ್ಲಿ ಕಂದು ನೆಲ ಕಂಡು ಮೂಗು ಮುರಿದವರು ಬಹಳ. ಅದೇ ನೆಲದಲ್ಲಿ ಗೆದ್ದ ಮಾರ್ಟಿನ್ ಕೈಮರ್ ಗ್ರೀನ್‌ನ ಹೊರಗಿನಿಂದಲೂ ಪಟರ್ ಹಿಡಿದು ಚೆಂಡು ಉರುಳಿಸುತ್ತಿದ್ದ. ಚಿಪ್ ಮಾಡಬಹುದು, ಉರುಳಿಸಬಹುದು, ದಿಬ್ಬಕ್ಕೆ ತಾಗಿಸಿ ಏರಿಸಬಹುದು. ದಪ್ಪ ರಫ್ ಇದ್ದಿದ್ದರೆ ಈ ಆಯ್ಕೆಗಳೇ ಇರುತ್ತಿರಲಿಲ್ಲ. 2024ರಲ್ಲಿ ಬ್ರೈಸನ್ ಡಿಶಾಂಬೊ ಕೊನೆಯ ಹೋಲ್‌ನ ಬಂಕರ್‌ನಿಂದ ಸುಮಾರು 55 ಗಜ ಹೊಡೆದು ಗೆದ್ದದ್ದನ್ನೂ, ರೋರಿ ಮೆಕಿಲ್ರಾಯ್ ನಾಲ್ಕಡಿಯೊಳಗಿನ ಪಟ್‌ಗಳನ್ನು ತಪ್ಪಿಸಿ ಸೋತದ್ದನ್ನೂ ನೋಡಿದವರಿಗೆ ಈ ಮೈದಾನದ ಗುಣ ತಿಳಿದಿದೆ. ಅಮೆರಿಕದಲ್ಲಿ ಒಂದೇ ಒಂದು ಮೈದಾನವನ್ನು ಶ್ರೇಷ್ಠವೆನ್ನಬೇಕಾದರೆ ನನ್ನ ಮತ ಇದಕ್ಕೆ.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ವಿಷಯದಲ್ಲಿ ನನಗೆ ಅನುಮಾನಗಳಿವೆ. 1919ರಲ್ಲಿ ಜ್ಯಾಕ್ ನೆವಿಲ್ ಮತ್ತು ಡಗ್ಲಸ್ ಗ್ರಾಂಟ್ ಹಾಕಿದ ಈ ಮೈದಾನದ ಸಮುದ್ರದಂಚಿನ ಹೋಲ್‌ಗಳು ಅದ್ಭುತ. ಏಳನೆಯದು ನೂರು ಗಜ ಚಿಲ್ಲರೆ, ಗಾಳಿ ಬಂದರೆ ಯಾವ ಕೋಲು ಹಿಡಿಯಬೇಕೆಂದೇ ತೋಚದು. ಎಂಟನೆಯದರಲ್ಲಿ ಎರಡನೆಯ ಹೊಡೆತ ಬಂಡೆಯ ಕಣಿವೆಯ ಮೇಲೆ ಹಾರಬೇಕು. ಆದರೆ ಕಡಲು ಮರೆಯಾಗುವ ಒಳಭಾಗದ ಕೆಲವು ಹೋಲ್‌ಗಳು ಬೇರೆಲ್ಲಾದರೂ ಇದ್ದಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಹೊಗಳಿಕೆಯಲ್ಲಿ ಅರ್ಧ ಪಾಲು ಪೆಸಿಫಿಕ್ ಸಾಗರಕ್ಕೆ ಸಲ್ಲಬೇಕು. ಸಾರ್ವಜನಿಕರಿಗೆ ತೆರೆದ ಮೈದಾನವೆಂದು ಹೇಳಿಕೊಳ್ಳುವುದು ನಿಜವೇ, ಒಂದು ಸುತ್ತಿಗೆ 600 ಡಾಲರ್‌ಗೂ ಹೆಚ್ಚು ತೆತ್ತರೆ.

ವಿನ್ಯಾಸಕಾರ ಪೀಟ್ ಡೈ ಕಟ್ಟಿದ ಎರಡು ಮೈದಾನಗಳಲ್ಲಿ ಕಡಲಿನ ಕೊಡುಗೆಯಿಲ್ಲ, ಬುಲ್ಡೋಜರ್‌ನದೇ ಎಲ್ಲ. ಫ್ಲಾರಿಡಾದ ಜೌಗುನೆಲದಲ್ಲಿ ಅವನು ಎಬ್ಬಿಸಿದ ಟಿಪಿಸಿ ಸಾಗ್ರಾಸ್‌ನ 17ನೇ ಹೋಲ್, ಸುತ್ತ ನೀರಿರುವ ದ್ವೀಪದಂಥ ಗ್ರೀನ್, ಅವನ ಹೆಂಡತಿ ಆಲಿಸ್ ಕೊಟ್ಟ ಸಲಹೆ. ನೋಡುವುದಕ್ಕೆ ಮಜಾ. ಆದರೆ ಅಲ್ಲಿ ಯೋಚಿಸುವುದಕ್ಕೇನೂ ಇಲ್ಲ: ಒಂದೋ ಗ್ರೀನ್, ಇಲ್ಲವೋ ನೀರು. ಅಗಸ್ಟಾದ 12ನೆಯದರ ಪಕ್ಕದಲ್ಲಿಟ್ಟರೆ ಇದು ಸರ್ಕಸ್. ವಿಸ್ಕಾನ್ಸಿನ್‌ನಲ್ಲಿ ಮಿಷಿಗನ್ ಸರೋವರದ ದಂಡೆಯ ಚಪ್ಪಟೆ ನೆಲವನ್ನು ಮರಳುದಿಬ್ಬಗಳಾಗಿಸಿದ ವಿಸ್ಲಿಂಗ್ ಸ್ಟ್ರೇಟ್ಸ್ ಮೇಲು. 2015ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಜಂಟಿ ಐದನೇ ಸ್ಥಾನ ಗಳಿಸಿದ್ದು ಅಲ್ಲಿಯೇ. ಅದಕ್ಕೂ ಮುಂಚೆ 2010ರಲ್ಲಿ ಡಸ್ಟಿನ್ ಜಾನ್ಸನ್, ಪ್ರೇಕ್ಷಕರು ತುಳಿದ ಮರಳನ್ನು ಬಂಕರ್ ಎಂದು ಗುರುತಿಸದೆ ಕೋಲು ನೆಲಕ್ಕೂರಿ ಎರಡು ಹೊಡೆತ ದಂಡ ತೆತ್ತಿದ್ದ. ಬಂಕರ್ ಯಾವುದು, ಬಯಲು ಯಾವುದು ಎಂದೇ ತಿಳಿಯದಷ್ಟು ಬಂಕರ್ ತೋಡುವುದು ಜಾಣತನವಲ್ಲ.

ಕೊನೆಗೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಬೆತ್‌ಪೇಜ್ ಬ್ಲ್ಯಾಕ್. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಕೆಲಸವಿಲ್ಲದವರಿಗೆ ಕೂಲಿ ಕೊಡುವ ಯೋಜನೆಯಡಿ ಕಟ್ಟಿ 1936ರಲ್ಲಿ ತೆರೆದ ಇದು ರಾಜ್ಯ ಸರ್ಕಾರದ ಉದ್ಯಾನದೊಳಗಿದೆ. ವಿನ್ಯಾಸಕಾರ ಎ. ಡಬ್ಲ್ಯೂ. ಟಿಲ್ಲಿಂಗ್‌ಹ್ಯಾಸ್ಟ್‌ನ ಕೈಗುಣ ಆ ದೈತ್ಯ ಬಂಕರ್‌ಗಳಲ್ಲಿ ಕಾಣುತ್ತದೆ. ಬಹಳ ಕಠಿಣ ಮೈದಾನ, ನುರಿತವರು ಮಾತ್ರ ಬನ್ನಿ ಎಂದು ಎಚ್ಚರಿಸುವ ಫಲಕವೊಂದು ಮೊದಲ ಟೀ ಬಳಿ ನೇತಾಡುತ್ತದೆ. ಅದರೆದುರು ಫೋಟೊ ತೆಗೆಸಿಕೊಳ್ಳುವವರೇ ಎಲ್ಲರೂ. 2002ರಲ್ಲಿ ಯುಎಸ್ ಓಪನ್ ಇಲ್ಲಿಗೆ ಬಂದಾಗ, ಸರ್ಕಾರಿ ಒಡೆತನದ ಮೈದಾನವೊಂದಕ್ಕೆ ಆ ಗೌರವ ದಕ್ಕಿದ್ದು ಅದೇ ಮೊದಲು. ಕಲೆಯಾಗಿ ಇದು ಪೈನ್‌ಹರ್ಸ್ಟ್‌ಗೆ ಸಮನಲ್ಲ. ಗ್ರೀನ್‌ಗಳು ಹೆಚ್ಚಾಗಿ ಸಪ್ಪೆ, ಸೂಕ್ಷ್ಮಕ್ಕಿಂತ ತೋಳ್ಬಲ ಕೇಳುವುದೇ ಜಾಸ್ತಿ. 2025ರ ರೈಡರ್ ಕಪ್‌ನಲ್ಲಿ ಅಮೆರಿಕನ್ನರು ತಮ್ಮ ಅನುಕೂಲಕ್ಕೆಂದು ರಫ್ ಕತ್ತರಿಸಿಟ್ಟು, ಯುರೋಪಿಗೆ 15–13ರಿಂದ ಸೋತರು. ಗ್ಯಾಲರಿಯ ಬೈಗುಳಗಳಂತೂ ಮೈದಾನದ ಮರ್ಯಾದೆಯನ್ನೂ ಕಳೆದವು.

ಆದರೂ ಪೈನ್‌ಹರ್ಸ್ಟ್‌ನಲ್ಲಿ ಆಡಬೇಕೆಂದರೆ ಸಾಮಾನ್ಯವಾಗಿ ಅಲ್ಲಿನ ರೆಸಾರ್ಟ್‌ನಲ್ಲಿ ತಂಗಬೇಕು, ಜೇಬು ಗಟ್ಟಿಯಿರಬೇಕು. ಬೆತ್‌ಪೇಜ್‌ನಲ್ಲಿ ಶಾಲಾ ಮೇಷ್ಟರೂ ಪ್ಲಂಬರನೂ ರಾತ್ರಿ ಕಾರಿನಲ್ಲೇ ಮಲಗಿ, ಬೆಳಗ್ಗೆ ಸಾಲಿನಲ್ಲಿ ನಿಂತು ಟೈಗರ್ ವುಡ್ಸ್ ಗೆದ್ದ ನೆಲದಲ್ಲಿ ಆಡುತ್ತಾರೆ. ಆ ರಾಜ್ಯದ ನಿವಾಸಿಗಳಿಗೆ ಶುಲ್ಕ ನೂರು ಡಾಲರ್‌ನೊಳಗೆ, ಹೊರಗಿನವರಿಗೆ ಹೆಚ್ಚು. ನ್ಯೂಯಾರ್ಕ್ ಕಡೆ ಮಕ್ಕಳೋ ನೆಂಟರೋ ಇದ್ದು, ಗಾಲ್ಫ್ ಕೋಲು ಹಿಡಿಯುವ ಅಭ್ಯಾಸವೂ ಇರುವ ಓದುಗರು ಅಲ್ಲಿಗೆ ಹೋದಾಗ ಒಂದು ದಿನ ಇದಕ್ಕೆ ಎತ್ತಿಡಿ. ಗಾಡಿ ಕೊಡುವುದಿಲ್ಲ, ಹದಿನೆಂಟೂ ಹೋಲ್ ನಡೆದೇ ಆಡಬೇಕು. ಸೋಮವಾರ ಮಾತ್ರ ಹೋಗಬೇಡಿ, ಬ್ಲ್ಯಾಕ್ ಕೋರ್ಸ್‌ಗೆ ಅಂದು ರಜೆ.